ಸ್ಪೋರ್ಟ್ಸ್ ಕಾರಾದರೂ ಕರೆಂಟ್ ಬರುವ ದಾರಿ ಅಂಬಾಸಿಡರ್‌ದೇ

ನಮ್ಮ ಗ್ಯಾರೇಜ್ ಇರುವುದು ಚಿಕ್ಕಮಗಳೂರಿನ ಕಡೂರು ರಸ್ತೆಯಲ್ಲಿ. ಬರುವುದೆಲ್ಲ ತೋಟದ ಜೀಪು, ಪಿಕಪ್ಪು. ಆದರೆ ಈ ಕಡೆ ಕೆಲವು ಎಸ್ಟೇಟ್ ಶೆಡ್‌ಗಳಲ್ಲಿ ಟಾರ್ಪಾಲು ಹೊದ್ದು ಮಲಗಿರುವ ಹಳೇ ಕಾರುಗಳೂ ಇವೆ. ಆಲ್ದೂರು ಕಡೆಯ ಒಂದು ತೋಟದಲ್ಲಿ 1966ರ ಎಂಜಿಬಿ ಅನ್ನುವ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇದೆ. ಎರಡೇ ಸೀಟು, ಬಟ್ಟೆ ಟಾಪು, ಎರಡು ಎಸ್‌ಯು ಕಾರ್ಬುರೇಟರು. ಆಷಾಢದ ಮಳೆ ಹಿಡಿದಾಗ ಅದು ಸ್ಟಾರ್ಟ್ ಆಗುವುದನ್ನು ಬಿಟ್ಟಿತು.

"ಬೆಂಗಳೂರಿಂದ ಯಾರನ್ನಾದ್ರೂ ಕರೆಸ್ಬೇಕೇನೋ ಮಾರಾಯಾ, ಇದು ಸ್ಪೋರ್ಟ್ಸ್ ಕಾರು" ಅಂದರು ತೋಟದ ಗೌಡ್ರು.

"ಮೊದ್ಲು ಬಾನೆಟ್ ಎತ್ತಿ ನೋಡೋಣ ಗೌಡ್ರೆ" ಅಂದೆ.

ಧೈರ್ಯಕ್ಕೆ ಕಾರಣ ಇತ್ತು. ಎಂಜಿಬಿಯ 1798 ಸಿಸಿ ಎಂಜಿನ್ನೂ ಹಳೇ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಒಂದೇ ಮನೆತನದವು. ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ, ಎರಡಕ್ಕೂ 1-3-4-2. ಕರೆಂಟ್ ಮಾಡುವ ಸಾಮಾನೂ ಅದೇ: ವೋಲ್ಟೇಜ್ ಏರಿಸುವ ಕಾಯಿಲ್, ಅದರ ಕರೆಂಟನ್ನು ಕೂಡಿಸಿ ಕಡಿಯುವ ಸಿ.ಬಿ. ಪಾಯಿಂಟ್, ಪಾಯಿಂಟಿನಲ್ಲಿ ಹಾರುವ ಕಿಡಿ ತಗ್ಗಿಸುವ ಕಂಡೆನ್ಸರ್, ಒಂದೊಂದು ಪ್ಲಗ್ಗಿಗೂ ಕರೆಂಟ್ ಹಂಚುವ ರೋಟರ್, ಕ್ಯಾಪು. ಟ್ಯಾಕ್ಸಿ ಅಂಬಾಸಿಡರ್‌ಗಳಲ್ಲಿ ಕೈ ಪಳಗಿದವನಿಗೆ ಇದರಲ್ಲಿ ಹೆದರುವಂಥದ್ದು ಏನಿದೆ?

ಹೆದರಬೇಕಾದ ಒಂದೆರಡು ವಿಷಯ ಬೇರೆ ಇವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 1967ರ ಮಾಡೆಲ್ ಬದಲಾವಣೆಗೂ ಮುಂಚಿನ ಎಂಜಿಬಿಗಳಲ್ಲಿ ಬ್ಯಾಟರಿಯ ಮೈನಸ್ ಅಲ್ಲ, ಪ್ಲಸ್ ಕಾರಿನ ಲೋಹದ ಬಾಡಿಗೆ ಅರ್ತ್ ಆಗಿರುತ್ತದೆ. ಜೀಪಿಗೆ ಕೊಡುವ ಹಾಗೆ ಅಭ್ಯಾಸದ ಮೇಲೆ ಜಂಪರ್ ಕೇಬಲ್ ಹಚ್ಚಿದರೆ ಹೊಗೆ ಏಳುತ್ತದೆ. ಇನ್ನೊಂದು, ಬ್ಯಾಟರಿ ಬಾನೆಟ್ ಒಳಗೆ ಇಲ್ಲ. ಸೀಟಿನ ಹಿಂದೆ, ಮುಚ್ಚಳದ ಕೆಳಗೆ, 6 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿ ಕೂತಿರುತ್ತವೆ. ಕಣ್ಣಿಗೆ ಬೀಳದ ಜಾಗ, ಹಾಗಾಗಿ ಟರ್ಮಿನಲ್ ಮೇಲೆ ಹಸಿರು ಬೂಷ್ಟು ಬೆಳೆದಿದ್ದರೂ ಯಾರೂ ನೋಡಿರುವುದಿಲ್ಲ. ಇಲ್ಲೂ ಬೆಳೆದಿತ್ತು. ಬಿಸಿನೀರು ಹಾಕಿ ಉಜ್ಜಿ, ಕ್ಲ್ಯಾಂಪ್ ಬಿಗಿ ಮಾಡಿದೆ. ಸೆಲ್ಫ್ ಹೊಡೆದಾಗ ಮೀಟರ್ 10 ವೋಲ್ಟಿನ ಮೇಲೇ ನಿಂತಿತು. ಎಂಜಿನ್ ಚೆನ್ನಾಗಿ ಸುತ್ತಿತು, ಹಿಡಿಯಲಿಲ್ಲ.

ಈಗ ಕಿವಿಯ ಕೆಲಸ. ಈ ಕಾರಿನ ಪೆಟ್ರೋಲ್ ಪಂಪು ಕರೆಂಟಿನದ್ದು, ಹಿಂದುಗಡೆ ಇದೆ. ಕೀ ತಿರುಗಿಸಿದ ತಕ್ಷಣ ಟಿಕ್ ಟಿಕ್ ಅಂತ ಹೊಡೆದುಕೊಂಡು, ಕಾರ್ಬುರೇಟರ್ ತುಂಬಿದ ಮೇಲೆ ಸುಮ್ಮನಾಗಬೇಕು. ಹಾಗೇ ಆಯಿತು. ಈ ಸದ್ದು ಪೆಟ್ರೋಲ್ ಇದೆ ಅಂತ ಮಾತ್ರ ಹೇಳುವುದಿಲ್ಲ. ಕೀ ಸ್ವಿಚ್ಚಿನಿಂದ ಬರುವ ಬಿಳಿ ವೈರೇ ಪಂಪಿಗೂ ಕಾಯಿಲ್‌ಗೂ ಹೋಗುತ್ತದೆ. ಪಂಪು ಬಡಿದುಕೊಂಡರೆ ಸ್ವಿಚ್ಚು ಸರಿ ಇದೆ ಅಂತಲೇ ಅರ್ಥ. ಅಲ್ಲಿಗೆ ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ ತಪ್ಪಿತು. ಪ್ಲಗ್ ಬಿಚ್ಚಿದರೆ ಒದ್ದೆ, ಪೆಟ್ರೋಲ್ ವಾಸನೆ. ಕರೆಂಟ್ ಇಲ್ಲ ಅಂತ ಖಾತ್ರಿಯಾಯಿತು.

ಇಲ್ಲಿ ಬಹಳ ಜನ ಹೊಸ ಕಾಯಿಲ್ ತರಿಸುತ್ತಾರೆ. ನನಗೆ ಅದು ಸುಮ್ನೆ ದುಡ್ಡು ಸುಡುವ ಕೆಲಸ ಅನಿಸುತ್ತದೆ. ಕಾಯಿಲ್ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಓಮ್ ಮೀಟರ್ ಇಟ್ಟರೆ ಈ ಕಾರಿನ ಕಾಯಿಲ್ ಪ್ರೈಮರಿಯಲ್ಲಿ ಸುಮಾರು 3 ಓಮ್ ತೋರಿಸಬೇಕು, ತೋರಿಸಿತು. ಅದನ್ನು ಬಿಟ್ಟು ಮುಂದಕ್ಕೆ ಹೋದೆ.

ನನ್ನ ಮುಖ್ಯ ಆಯುಧ ಟೆಸ್ಟ್ ಲ್ಯಾಂಪು. ಸಣ್ಣ ಬಲ್ಬು, ಎರಡು ವೈರು. ಪ್ಲಸ್ ಅರ್ತ್ ಇರಲಿ ಮೈನಸ್ ಅರ್ತ್ ಇರಲಿ, ಬಲ್ಬಿಗೆ ಎರಡೂ ಒಂದೇ. ಕಾಯಿಲ್‌ನಿಂದ, ಪಾಯಿಂಟು ರೋಟರು ಕೂತಿರುವ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಟರ್ಮಿನಲ್ಲಿಗೆ ಒಂದು ತುದಿ, ಬಾಡಿಗೆ ಇನ್ನೊಂದು. ಕೀ ಆನ್ ಮಾಡಿ ಎಂಜಿನ್ ನಿಧಾನ ತಿರುಗಿಸಿದರೆ, ಪಾಯಿಂಟ್ ಬಿಟ್ಟಾಗ ಬಲ್ಬು ಹತ್ತಬೇಕು, ಕೂಡಿದಾಗ ಆರಬೇಕು. ಹತ್ತದೇ ಇದ್ದರೆ, ಕಾಯಿಲ್‌ಗೆ ಕರೆಂಟ್ ಬರುತ್ತಿದ್ದೂ ಹತ್ತದೇ ಇದ್ದರೆ, ಪಾಯಿಂಟೋ ಕಂಡೆನ್ಸರೋ ಎಲ್ಲೋ ಬಾಡಿಗೆ ತಾಗಿದೆ. ಆರದೇ ಇದ್ದರೆ ಡಿಸ್ಟ್ರಿಬ್ಯೂಟರ್ ಒಳಗೆ ದಾರಿ ಕಡಿದಿದೆ. ನಮ್ಮದು ಆರಲಿಲ್ಲ.

ಕ್ಯಾಪ್ ತೆಗೆದೆ. ತಿಂಗಳುಗಟ್ಟಲೆ ನಿಂತ ಕಾರು, ಮಲೆನಾಡಿನ ತೇವ, ಪಾಯಿಂಟಿನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಎಮ್ರಿ ಪೇಪರ್ ಎಳೆದು, ಫಿಲ್ಲರ್ ಗೇಜಿನಲ್ಲಿ 15 ಥೌ (ಇಂಚಿನ ಸಾವಿರದಲ್ಲಿ 15 ಭಾಗ) ಗ್ಯಾಪ್ ಇಟ್ಟೆ. ಬಲ್ಬು ಹಾಗೇ ಉರಿಯುತ್ತಿತ್ತು.

"ಪಾಯಿಂಟೇ ಹೋಗಿದ್ಯಾ?" ಅಂದರು ತೋಟದ ಡ್ರೈವರ್ ಅಣ್ಣ.

ಪಾಯಿಂಟನ್ನು ತೆರೆದ ಸ್ಥಿತಿಯಲ್ಲಿಟ್ಟು ನೋಡಿದೆ. ಡಿಸ್ಟ್ರಿಬ್ಯೂಟರ್ ಹೊರಗಿನ ಟರ್ಮಿನಲ್ ಮುಟ್ಟಿದರೆ ಬೆಳಕು. ಒಳಗೆ ಪಾಯಿಂಟಿನ ಮೊಳೆ ಮುಟ್ಟಿದರೆ ಕತ್ತಲೆ. ನಡುವೆ ಇರುವುದು ಬೆರಳುದ್ದದ ಒಂದು ವೈರು, ಅಷ್ಟೇ. ನೋಡೋಕೆ ಏನೂ ಆಗಿರಲಿಲ್ಲ. ಚಿಮುಟದಲ್ಲಿ ಮೆಲ್ಲಗೆ ಎಳೆದರೆ ರಬ್ಬರ್ ಬ್ಯಾಂಡಿನ ಹಾಗೆ ಉದ್ದವಾಯಿತು. ಒಳಗಿನ ತಾಮ್ರ ತುಂಡಾಗಿ, ಹೊರಗಿನ ಕವಚ ಮಾತ್ರ ಹಿಡಿದುಕೊಂಡಿತ್ತು.

ಇದು ಯಾಕೆ ಹೀಗಾಗುತ್ತದೆ ಅಂದರೆ, ಪಾಯಿಂಟ್ ಕೂತಿರುವ ತಟ್ಟೆ ಸ್ಥಿರ ಅಲ್ಲ. ಕಿಡಿಯ ಹೊತ್ತನ್ನು ಹಿಂದೆ ಮುಂದೆ ಮಾಡುವ ವ್ಯಾಕ್ಯೂಮ್ ಅಡ್ವಾನ್ಸು ಆಕ್ಸಿಲರೇಟರ್ ಒತ್ತಿ ಬಿಟ್ಟಂತೆಲ್ಲ ಅದನ್ನು ಅತ್ತಿತ್ತ ತಿರುಗಿಸುತ್ತದೆ. ಜೊತೆಗೆ ವೈರೂ ಬಗ್ಗುತ್ತದೆ. ಎಷ್ಟೋ ವರ್ಷ ಬಗ್ಗಿ ಬಗ್ಗಿ ಒಳಗಿಂದ ಕಡಿಯುತ್ತದೆ. ಹಿಂದಿನ ವರ್ಷ ಇದೇ ಕಾರು ಕೈಮರದ ಹತ್ತಿರ ಘಾಟಿ ಏರುವಾಗ ಮಿಸ್ ಹೊಡೆದಿತ್ತಂತೆ, ಇಳಿಯುವಾಗ ಸರಿಯಾಗಿತ್ತಂತೆ. ಈ ವೈರೇ ಕಡಿಯುತ್ತಾ, ಕೂಡುತ್ತಾ ಆಟ ಆಡಿರಬೇಕು. ಹೊಸ ವೈರ್ ಹಾಕುವಾಗ ಎಳೆ ಜಾಸ್ತಿ ಇರುವ ಮೆತ್ತನೆಯದ್ದೇ ಬೇಕು. ಮನೆ ವೈರಿಂಗಿನ ಗಟ್ಟಿ ತಂತಿ ಹಾಕಿದರೆ ಬೇಗ ಮುರಿಯುತ್ತದೆ, ತಟ್ಟೆಯೂ ಸಲೀಸಾಗಿ ತಿರುಗುವುದಿಲ್ಲ.

ಹೊಸ ವೈರ್ ಹಾಕಿದ ಮೇಲೆ ಕಾಯಿಲ್‌ನ ಮಧ್ಯದ ವೈರನ್ನು ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಬ್ಲಾಕಿನಿಂದ ಅರ್ಧ ಸೆಂಟಿಮೀಟರ್ ದೂರ ಇಟ್ಟು ಸೆಲ್ಫ್ ಹೊಡೆಸಿದೆ. ಕಾರ್ಬುರೇಟರ್ ಹತ್ತಿರ ಇದನ್ನು ಮಾಡಬಾರದು, ಪೆಟ್ರೋಲ್ ಆವಿ ಹೊತ್ತಿಕೊಳ್ಳುತ್ತದೆ. ಕಿಡಿ ಬಂತು, ಆದರೆ ತೆಳ್ಳಗೆ, ಹಳದಿ. ಅತ್ತ ಪಾಯಿಂಟಿನ ನಡುವೆ ಬೇಕಾದ್ದಕ್ಕಿಂತ ದೊಡ್ಡ ಕಿಡಿ. ಅದು ಕಂಡೆನ್ಸರ್ ಹೋಗಿರುವ ಲಕ್ಷಣ. ಗ್ಯಾರೇಜಿನ ಡಬ್ಬಿಯಲ್ಲಿದ್ದ ಅಂಬಾಸಿಡರ್ ಕಂಡೆನ್ಸರ್ ಹಾಕಿದೆ. ನೀಲಿ ಕಿಡಿ ಪಟ್ ಅಂತ ಹಾರಿತು. ಗೌಡ್ರ ಮುಖ ನೋಡಬೇಕಿತ್ತು!

ಆದರೂ ಸೈಲೆನ್ಸರ್‌ನಲ್ಲಿ ಢಂ ಅಂದಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಮಳೆನೀರು ಒರೆಸೋಕೆ ಅಂತ ಡ್ರೈವರ್ ಅಣ್ಣ ಪ್ಲಗ್ ವೈರ್ ಎಲ್ಲ ಕಿತ್ತು ಮತ್ತೆ ಸಿಕ್ಕಿಸಿದ್ದರು. ರೋಟರ್ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗುತ್ತದೆ. ಆ ದಿಕ್ಕಿನಲ್ಲಿ 1-3-4-2 ಜೋಡಿಸಿದೆ. ಕ್ಯಾಪಿನ ಒಳಗೆ ಒರೆಸಿ, ಕರಿ ಗೆರೆ ಬಿರುಕು ಇಲ್ಲ ಅಂತ ನೋಡಿ ಮುಚ್ಚಿದೆ. ಹಿಡಿಯಿತು. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಆಮೇಲೆ 10 ಡಿಗ್ರಿಗೆ ಇಟ್ಟೆ. ಆ ಕಾಲದ ಎಂಜಿಬಿಗಳಲ್ಲಿ ಅದರ ಗುರುತು ಪುಲ್ಲಿಯ ಕೆಳಗಿರುತ್ತದೆ, ನೆಲದಲ್ಲಿ ಮಲಗದೆ ಕಾಣುವುದಿಲ್ಲ.

ಇದೆಲ್ಲ ಪಾಯಿಂಟ್ ಕಾಲದ ಕಾರಿಗೆ. ಕ್ರ್ಯಾಂಕ್ ಸೆನ್ಸರ್, ಇಮೊಬಿಲೈಸರ್ ಇರುವ ಹೊಸ ಕಾರಿಗೆ ಮೊದಲು ಸ್ಕ್ಯಾನರ್ ಹಾಕಿ. ಅದರ ಕಾಯಿಲ್ ವೈರ್ ಕಿತ್ತು ಕಿಡಿ ಹಾರಿಸೋಕೆ ಹೋದರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಸುಟ್ಟೀತು.

ಗೌಡ್ರು ಈಗ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಕಿಟ್ ಹಾಕಿಸಲಾ ಅಂತ ಕೇಳುತ್ತಿದ್ದಾರೆ. ಹಾಕಿಸಲಿ, ಒಳ್ಳೇದೇ. ಆದರೆ ಪ್ಲಸ್ ಅರ್ತ್‌ಗೆ ಅಂತಲೇ ಮಾಡಿದ ಕಿಟ್ ತರಿಸಬೇಕು, ಇಲ್ಲಾಂದ್ರೆ ಕೀ ಹಾಕಿದ ಕೂಡಲೇ ಸುಟ್ಟುಹೋಗುತ್ತದೆ. ಬಿಚ್ಚಿದ ಪಾಯಿಂಟ್ ತಟ್ಟೆಯನ್ನು ಕಂಡೆನ್ಸರ್ ಸಮೇತ ಗ್ಲೋವ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ ಅಂದಿದ್ದೇನೆ. ಕಳಸದ ದಾರಿಯಲ್ಲಿ ಕಿಟ್ ಕೈಕೊಟ್ಟರೆ ರಿಪೇರಿ ಅನ್ನುವುದೇ ಇಲ್ಲ, ಪಾಯಿಂಟ್ ಆದರೆ ಎಮ್ರಿ ಪೇಪರ್ ಸಾಕು. ಕಂಡೆನ್ಸರ್ ಮಾತ್ರ ಪ್ಯಾಕೆಟ್ ಒಡೆಯದ ಹೊಸದು ಬೇಡ. ಹೊಸದರಲ್ಲೇ ಕೆಟ್ಟಿರುವ ಕಂಡೆನ್ಸರ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಒಮ್ಮೆ ಹಾಕಿ, ಊರು ಸುತ್ತಿ ಬಂದು ಬಿಚ್ಚಿಟ್ಟದ್ದೇ ಸ್ಪೇರ್ ಆಗಿರಲಿ.