ರಾತ್ರಿ ಕೇಳಿದ ಹಾಡನ್ನು ಹಾಳೆಗೆ ಇಳಿಸುವುದು ಹೇಗೆ

ನಾನು ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ಪ್ರೂಫ್ ನೋಡಿದವನು. ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಮದುವೆ ಕಾಗದ ಕೈಗೆ ಬಂದರೂ ಮೊದಲು ಒತ್ತಕ್ಷರ ನೋಡುತ್ತೇನೆ, ಆಮೇಲೆ ಹುಡುಗ ಯಾರು ಅಂತ. ಈ ಚಟ ಹೊತ್ತುಕೊಂಡೇ ನೀಲಗಾರರು ಹಾಡುವ ಮಂಟೇಸ್ವಾಮಿ ಹಾಡು, ದೇವರಗುಡ್ಡರು ಹಾಡುವ ಮಾದೇಶ್ವರನ ಹಾಡು, ಅಂದರೆ ಈ ದೇವರುಗಳ ಕಥೆಯನ್ನು ರಾತ್ರಿಯಿಡೀ ಹಾಡುವ ಜನಪದ ಕಾವ್ಯ, ಕೇಳಲು ಹೋಗತೊಡಗಿದೆ. ಕೇಳಿದ್ದನ್ನು ಬರೆದುಕೊಂಡೆ. ಮೊದಲ ನೋಟ್‌ಬುಕ್ ಪೂರ್ತಿ ದಂಡ. ಹಾಡಿದವರು ಹಾಡಿದ್ದು ಅದರಲ್ಲಿಲ್ಲ, ನಾನು ತಿದ್ದಿದ್ದು ಇದೆ.

ನಿಮ್ಮಲ್ಲೂ ಹಲವರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು, ಅಲ್ಲಿ ಏನಂದರು, ಇಲ್ಲಿ ಏನಂದರು ಅಂತ ಗಂಟೆಗಟ್ಟಲೆ ವಾದ ಮಾಡುತ್ತೀರಿ. ಮಾಡಬೇಕಾದ್ದೇ. ನಾನು ಎಡವಿದ ಜಾಗಗಳನ್ನು ಹೇಳುತ್ತೇನೆ, ನೀವು ಬೇರೆ ಕಡೆ ಎಡವಬಹುದು.

ಹೋಗುವ ಮೊದಲು ಕಥೆ ತಿಳಿದುಕೊಳ್ಳಿ. ಈ ಕಾವ್ಯಗಳಲ್ಲಿ ‘ಸಾಲು’ ಅಂದರೆ ನಾವು ಅಂದುಕೊಂಡ ಒಂದು ಗೆರೆ ಅಲ್ಲ, ಒಂದು ಇಡೀ ಪ್ರಸಂಗ. ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಜುಂಜೇಗೌಡನ ಸಾಲು, ಹೀಗೆ. ಮೊದಲ ಸಲ ನಾನು ಒಬ್ಬ ಹಿರಿಯ ಹಾಡುಗಾರರ ಹತ್ತಿರ ಹೋಗಿ, “ಅಣ್ಣಾ, ಆ ಸಾಲು ಇನ್ನೊಂದು ಸಲ ಹೇಳ್ತೀರಾ?” ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅದಕ್ಕೆ ಇನ್ನೊಂದು ರಾತ್ರಿ ಬೇಕಲ್ಲ ಸ್ವಾಮಿ!”

ಕಥೆ ಗೊತ್ತಿದ್ದರೆ ಹೆಸರುಗಳು ಕಿವಿಗೆ ಸಿಗುತ್ತವೆ. ಸಂಕಮ್ಮನ ಗಂಡ ನೀಲೇಗೌಡ, ಜೇನಿಗೆ ಹೋಗುವವನು. ಮಾದೇಶ್ವರನ ವರದಿಂದ ಹುಟ್ಟುವ ಅವಳಿ ಮಕ್ಕಳು ಕಾರಯ್ಯ, ಬಿಲ್ಲಯ್ಯ. ಇಷ್ಟು ತಲೆಯಲ್ಲಿದ್ದರೆ ಗಗ್ಗರ ಅನ್ನುವ ಲೋಹದ ವಾದ್ಯದ ಸದ್ದಿನ ನಡುವೆಯೂ ಹೆಸರು ಹೆಸರಾಗಿಯೇ ಕೇಳಿಸುತ್ತದೆ.

ರೆಕಾರ್ಡಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲು ಕೇಳಿ, ಅವರು ಆಗಲಿ ಅಂದಮೇಲೆ ಫೋನ್ ಹೊರಗೆ ತೆಗೆಯಿರಿ. ಫ್ಲೈಟ್ ಮೋಡ್‌ಗೆ ಹಾಕಿ. ಸಂಕಮ್ಮ ಅಳುವ ಹೊತ್ತಿಗೆ ಸರಿಯಾಗಿ ನಿಮ್ಮ ಭಾವಮೈದ ಫೋನ್ ಮಾಡುತ್ತಾನೆ. ಫೋನನ್ನು ಮಡಚಿದ ಟವೆಲ್ ಮೇಲೆ ಇಡಿ, ಸೌಂಡ್ ಬಾಕ್ಸಿನ ಮುಂದೆ ಬೇಡ. ಕಂಸಾಳೆಯ ಕಂಚಿನ ತಾಳ, ಗಗ್ಗರ ಇವೆರಡೂ ಮಾತನ್ನು ನುಂಗಿಬಿಡುತ್ತವೆ, ಅದಕ್ಕೇ ಅವುಗಳಿಂದ ದೂರ, ಹಾಡುವವರ ಬಾಯಿಗೆ ಹತ್ತಿರ ಜಾಗ ಹುಡುಕಿ. ಸಾಧ್ಯವಿದ್ದರೆ ದನಿಯನ್ನು ಕುಗ್ಗಿಸದ ವೇವ್ ಫೈಲ್ ಇಡಿ. ಒಂದೇ ಚಾನೆಲ್ (ಮೋನೋ) ಆದರೆ ಗಂಟೆಗೆ ಸುಮಾರು 320 ಎಂಬಿ ಆಗುತ್ತದೆ, ಆರು ಗಂಟೆಗೆ ಎರಡು ಜಿಬಿ ಹತ್ತಿರ. ಶುರುವಿನಲ್ಲೇ ನಿಮ್ಮ ದನಿಯಲ್ಲಿ ತಾರೀಖು, ಊರು, ಯಾವ ಹರಕೆಗೆ ಹಾಡಿಸುತ್ತಿದ್ದಾರೆ, ಮೇಳದಲ್ಲಿ ಯಾರ್ಯಾರು, ಎಲ್ಲ ಹೇಳಿಬಿಡಿ. ಆಮೇಲೆ ಬರೆದಿಡೋಣ ಅಂದುಕೊಂಡರೆ ಮುಗಿಯಿತು. ನನ್ನ ಹತ್ತಿರ ಎಲ್ಲಿಯದು ಅಂತಲೇ ಗೊತ್ತಿಲ್ಲದ ಒಂಬತ್ತು ಗಂಟೆಗಳಷ್ಟು ಹಾಡು ಬಿದ್ದಿದೆ.

ಆ ರಾತ್ರಿ ಪೆನ್ನು ಮುಟ್ಟಬೇಡಿ. ಬರೆಯುತ್ತಾ ಕೂತರೆ ಜನರ ಮುಖ ಕಾಣುವುದಿಲ್ಲ. ಎಲ್ಲಿ ನಕ್ಕರು, ಎಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು, ಎಲ್ಲಿ ತಂಬೂರಿ ಒಂದೇ ಉಳಿದು ಮಿಕ್ಕಿದ್ದೆಲ್ಲ ನಿಂತಿತು, ಇದನ್ನು ಫೋನು ಹೇಳುವುದಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಕೂತು ಇವಿಷ್ಟನ್ನು ಗೀಚಿಕೊಳ್ಳಿ.

ಬರೆಯಲು ಕೂತಾಗ ವೇಗವನ್ನು ಮುಕ್ಕಾಲಿಗೆ ಇಳಿಸಿ. ವಿಎಲ್‌ಸಿಯಂಥ ಪ್ಲೇಯರಿನಲ್ಲಿ ಇದು ಸುಲಭ. ಮೊದಲು ಹಿಮ್ಮೇಳದ ಸೊಲ್ಲನ್ನು, ಅಂದರೆ ಪಲ್ಲವಿಯನ್ನು, ಹಿಡಿಯಿರಿ. ಅದು ನೂರಾರು ಸಲ ಬರುತ್ತದೆ. ಒಮ್ಮೆ ಪೂರ್ತಿ ಬರೆದು, ಆಮೇಲೆ ಬಂದಲ್ಲೆಲ್ಲ ‘ಸೊ’ ಅಂತ ಹಾಕಿದರೆ ಸಾಕು. ಸೊಲ್ಲು ಬದಲಾದ ಜಾಗಕ್ಕೆ ಮಾತ್ರ ದೊಡ್ಡ ಗುರುತು ಹಾಕಿ. ಹಾಡಿದ್ದಕ್ಕೆ ‘ಹಾ’, ಮಾತಿನಲ್ಲಿ ಹೇಳಿದ್ದಕ್ಕೆ ‘ಮಾ’. ಮಾತಿನ ಭಾಗವನ್ನು ಬಿಟ್ಟು ಬರೀ ಪದ್ಯ ಬರೆದುಕೊಳ್ಳುವವರಿದ್ದಾರೆ. ಅರ್ಧ ಕಥೆ ಅಲ್ಲೇ ಇರುತ್ತದೆ, ಬಿಟ್ಟರೆ ಹೇಗೆ?

ಇನ್ನು ನನ್ನ ರೋಗದ ವಿಷಯ. ಮೈಸೂರು, ಚಾಮರಾಜನಗರ, ಮಂಡ್ಯದ ಕಡೆಯ ಹಾಡುಗಾರರ ಬಾಯಲ್ಲಿ ‘ಹ’ ಹಲವು ಕಡೆ ‘ಅ’ ಆಗುತ್ತದೆ. ಹಾಲು ‘ಆಲು’, ಹಳ್ಳ ‘ಅಳ್ಳ’. ನಾನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಆಲು, ಆಲಿಗೆ, ಆಲಿನ ಎಲ್ಲವೂ ಒಂದೇ ಏಟಿಗೆ ಸರಿಹೋಗಲಿ ಅಂತ ‘ಆಲ’ ಇದ್ದಲ್ಲೆಲ್ಲ ‘ಹಾಲ’ ಮಾಡು ಅಂತ ಒತ್ತಿದೆ. ಆಲದ ಮರ ‘ಹಾಲದ ಮರ’ ಆಯಿತು! ಅದನ್ನು ಒಬ್ಬ ಗೆಳೆಯ ಓದಿ, ಇದು ಯಾವುದೋ ಹಾಲು ಸುರಿಸುವ ದೇವರ ಮರ ಇರಬೇಕು ಅಂತ ಅರ್ಧ ಗಂಟೆ ವಿವರಿಸಿದ. ನಾನು ಬಾಯಿ ಬಿಡಲಿಲ್ಲ.

‘ಅರಸಿ’ ಇನ್ನೂ ಕಷ್ಟ. ರಾಣಿಯೂ ಆಗಬಹುದು, ಹುಡುಕಿಕೊಂಡು ಅಂತಲೂ ಆಗಬಹುದು, ‘ಹರಸಿ’ಯೂ ಆಗಬಹುದು. ಮೂರೂ ಕಥೆಗೆ ಹೊಂದುವ ಜಾಗ ಬರುತ್ತದೆ. ಅಲ್ಲಿ ಕೇಳಿದ ಹಾಗೆಯೇ ‘ಅರಸಿ’ ಅಂತ ಬರೆದು, ನಿಮ್ಮ ಊಹೆಯನ್ನು ಪಕ್ಕದಲ್ಲಿ ಪೆನ್ಸಿಲಿನಿಂದ ಬರೆಯಿರಿ. ಹಾಡು ಪೆನ್ನಿನಲ್ಲಿ, ಊಹೆ ಪೆನ್ಸಿಲಿನಲ್ಲಿ. ಈ ಒಂದು ನಿಯಮವನ್ನು ಮಾತ್ರ ನಾನು ಈಗ ಮುರಿಯುವುದಿಲ್ಲ.

ತಪ್ಪು ಅನ್ನಿಸುವ ಪದದ ಹತ್ತಿರ ಸ್ವಲ್ಪ ನಿಲ್ಲಿ. ‘ಸಿಸುಮಗ’ ಅಂತ ಬಂದಾಗ ಶಿಶುವೂ ಮಗುವೇ, ಮಗನೂ ಮಗುವೇ, ಪುನರುಕ್ತಿ ಅಂತ ಹೊಡೆದುಹಾಕಿದ್ದೆ. ಮಂಟೇಸ್ವಾಮಿ ಪರಂಪರೆಯಲ್ಲಿ ಶಿಶುಮಗ ಅಂದರೆ ಶಿಷ್ಯ. ‘ಗುಡ್ಡ’ ಅಂದರೆ ಬೆಟ್ಟ ಅಂತ ಬರೆದುಕೊಂಡಿದ್ದೆ. ಮಾದೇಶ್ವರನಿಗೆ ಎಪ್ಪತ್ತೇಳು ಮಲೆ ಅಲ್ವಾ, ಹೊಂದುತ್ತಿತ್ತು. ಆದರೆ ದೇವರಗುಡ್ಡ ಅನ್ನುವಲ್ಲಿ ಗುಡ್ಡ ಅಂದರೂ ಶಿಷ್ಯನೇ. ಶ್ರವಣಬೆಳಗೊಳದ ಹಳೆಯ ಶಾಸನಗಳಲ್ಲೂ ಈ ಪದ ಇದೇ ಅರ್ಥದಲ್ಲಿದೆ. ನಾವು ಅಪಭ್ರಂಶ ಅಂತ ಮೂಗು ಮುರಿಯುವ ಬಾಯಿಗಳಲ್ಲಿ ಶಾಸನದ ಮಾತು ಉಳಿದಿದೆ.

ಕೇಳಿಸದೇ ಇದ್ದರೆ ಚುಕ್ಕಿ ಇಟ್ಟು, ರೆಕಾರ್ಡಿಂಗಿನ ಗಂಟೆ, ನಿಮಿಷ ಬರೆದು ಮುಂದೆ ಹೋಗಿ. ಅದೇ ಸೀಮೆಯ ಇನ್ನೊಬ್ಬರ ಕಿವಿಗೆ ಕೊಡಿ, ನೀವೇನು ಕೇಳಿಸಿಕೊಂಡಿರಿ ಅಂತ ಮೊದಲೇ ಹೇಳಬೇಡಿ. ಹೇಳಿದರೆ ಅವರಿಗೂ ಅದೇ ಕೇಳಿಸುತ್ತದೆ.

ಕೊನೆಗೆ ಹಾಡುಗಾರರನ್ನೇ ಕೇಳಬೇಕು. ರಾತ್ರಿಯೆಲ್ಲ ಹಾಡಿ ಬೆಳಗಿನ ಜಾವ ಕಾಫಿ ಲೋಟ ಹಿಡಿದವರ ಮುಂದೆ ನೋಟ್‌ಬುಕ್ ಬಿಚ್ಚಬೇಡಿ. ಬೇರೆ ದಿನ ಹೋಗಿ. ಕೂಲಿ ಬಿಟ್ಟು ಕೂತರೆ ಆ ದಿನದ ದುಡ್ಡು ಕೊಡಿ. ಒಂದು ಪದ ಹೇಳಿ ಅರ್ಥ ಕೇಳಿದರೆ ಅನೇಕರಿಗೆ ಅದು ನೆನಪಿಗೇ ಬರುವುದಿಲ್ಲ. ಎರಡು ನುಡಿ ಹಿಂದಿನಿಂದ ಹಾಡಿಸಿ, ಪದ ತಾನಾಗಿಯೇ ಬಂದು ನಿಲ್ಲುತ್ತದೆ.

ಬೇರೆ ಹಾಡುಗಳಿಗೆ ಬೇರೆ ಎಚ್ಚರ. ಬೀಸುಕಲ್ಲಿನ ಮೂರು ಸಾಲಿನ ತ್ರಿಪದಿಯನ್ನು ಕೇಳಿ ಬರೆದರೆ ನಾಲ್ಕು ಸಾಲು ಆಗುತ್ತದೆ. ಹಾಡುವಾಗ ಎರಡನೇ ಸಾಲಿನ ತುಂಡು ಮತ್ತೆ ಬರುವುದರಿಂದ ಹೀಗೆ, ನಿಮ್ಮ ಲೆಕ್ಕ ತಪ್ಪಿಲ್ಲ. ಗೀಗೀ ಪದದ ಮೇಳದಲ್ಲಿ ಎರಡು ಪಕ್ಷ ವಾದಕ್ಕೆ ನಿಲ್ಲುತ್ತವೆ. ಹರದೇಶಿಯವರು ಗಂಡು ಹೆಚ್ಚು ಅಂದರೆ ನಾಗೇಶಿಯವರು ಹೆಣ್ಣು ಹೆಚ್ಚು ಅನ್ನುತ್ತಾರೆ. ಒಂದು ಕಡೆಯದನ್ನೇ ಬರೆದರೆ ಜಗಳದಲ್ಲಿ ಒಬ್ಬರ ಬಾಯಿ ಮುಚ್ಚಿಸಿದ ಹಾಗೆ.

ಈಗ ವಾದದ ವಿಷಯ. ಒಬ್ಬರೇ ಹಾಡುಗಾರರು ಸಂಕಮ್ಮನ ಸಾಲನ್ನು ಹರಕೆಯ ಮನೆಯಲ್ಲಿ ರಾತ್ರಿ ಪೂರ್ತಿ ಹಾಡಿದ್ದನ್ನೂ, ಉತ್ಸವದ ವೇದಿಕೆಯಲ್ಲಿ ನಲವತ್ತು ನಿಮಿಷಕ್ಕೆ ಮುಗಿಸಿದ್ದನ್ನೂ ಕೇಳಿದ್ದೇನೆ. ಎರಡರಲ್ಲಿ ಸರಿ ಯಾವುದು ಅಂತ ಕೇಳುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ, ಪ್ರಶ್ನೆಯೇ ಸರಿಯಿಲ್ಲ. ‘ಒರಿಜಿನಲ್ ಲಿರಿಕ್ಸ್’ ಅನ್ನುವ ಮಾತು ಶಿಶುನಾಳ ಶರೀಫರ ವಿಷಯದಲ್ಲಿ ಒಪ್ಪಬಹುದು. ಅವರು 1819ರಿಂದ 1889ರವರೆಗೆ ಬದುಕಿದ್ದ, ಪದ ಕಟ್ಟಿದ ಒಬ್ಬ ಮನುಷ್ಯ. ಅಲ್ಲೂ ‘ಸೋರುತಿಹುದು ಮನೆಯ ಮಾಳಿಗಿ’ಯನ್ನು ‘ಮಾಳಿಗೆ’ ಮಾಡಿ ಬರೆಯುವವರನ್ನು ಕಂಡರೆ ನನ್ನ ಹಳೇ ರೋಗ ಇವರಿಗೂ ಅಂಟಿತಲ್ಲ ಅನ್ನಿಸುತ್ತದೆ. ನೀಲಗಾರರ ಹಾಡಿಗೆ ಅಂಥ ಒಬ್ಬ ಕರ್ತೃ ಇಲ್ಲ. ಅದಕ್ಕೇ ‘ಹೀಗಲ್ಲ, ಹಾಗೆ’ ಅನ್ನುವ ಬದಲು, ಯಾರು, ಎಲ್ಲಿ, ಯಾವ ದಿನ ಹಾಗೆ ಹಾಡಿದರು ಅಂತ ಹೇಳಿ. ಇಷ್ಟು ಹೇಳಿದ ಕೂಡಲೇ ಅರ್ಧ ಜಗಳ ನಿಲ್ಲುತ್ತದೆ. ಉಳಿದ ಅರ್ಧ ಮಜವಾಗಿರುತ್ತದೆ.

ರೆಕಾರ್ಡಿಂಗನ್ನು ಊರಿಗೆಲ್ಲ ಹಂಚುವ ಮೊದಲು ಇನ್ನೊಂದು ಸಲ ಕೇಳಿ. ರೆಕಾರ್ಡ್ ಮಾಡಿಕೋ ಅಂದದ್ದು ಯೂಟ್ಯೂಬಿಗೆ ಹಾಕು ಅಂದ ಹಾಗಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮು ಹಾಡಿದವರಿಗೂ ಅವರ ಪ್ರದರ್ಶನದ ಮೇಲೆ 50 ವರ್ಷ ಹಕ್ಕು ಕೊಡುತ್ತದೆ. ಹಾಕಿದರೆ ಮೇಳದ ಎಲ್ಲರ ಹೆಸರೂ ಇರಲಿ. ಡಕ್ಕೆ ಅನ್ನುವ ಚರ್ಮವಾದ್ಯ ಬಾರಿಸಿದವರ ಹೆಸರು ಬಿಟ್ಟುಹೋಗುವುದೇ ಜಾಸ್ತಿ.

ಬರೆದದ್ದನ್ನು, ರೆಕಾರ್ಡಿಂಗನ್ನು ಅವರಿಗೂ ಒಂದು ಪ್ರತಿ ಕೊಡಿ. ಹೋದ ಸಲ ನಾನು ಮೆಮೊರಿ ಕಾರ್ಡಿಗೆ ಹಾಕಿ ಕೊಟ್ಟೆ, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದೆ. ಒಂದು ನುಡಿಗೂ ಕೈ ಹಾಕಿರಲಿಲ್ಲ, ಅದೇ ಹೆಮ್ಮೆ. ಆ ಹಿರಿಯರು ಕಣ್ಣು ಮುಚ್ಚಿ ಕೇಳುತ್ತಿದ್ದವರು ಒಂದು ಕಡೆ ಕೈ ಎತ್ತಿದರು. “ಇಲ್ಲಿ ನಾನು ಬಾಯಿ ತಪ್ಪಿದೀನಿ ಸ್ವಾಮಿ. ತಿದ್ದಿ.”

ಜೇಬಿನಲ್ಲಿ ಕೆಂಪು ಪೆನ್ನು ಇತ್ತು. ಹಾಡಿದ್ದನ್ನು ಹಾಗೆಯೇ ಬಿಟ್ಟು, ಅಂಚಿನಲ್ಲಿ ಅವರು ಹೇಳಿದ್ದನ್ನು ಬರೆದು, ಕೆಳಗೆ ಅವರ ಹೆಸರು, ತಾರೀಖು ಹಾಕಿದೆ. ನೀವೂ ಹಾಗೇ ಮಾಡಿ.