ಗೋಬರ್ ಗ್ಯಾಸ್‌ಗೆ ಅಡುಗೆಮನೆ ಕಸ ಹಾಕುವವರಿಗೆ

ಹಲಸಿನ ಕಾಲ ಬಂತಲ್ವಾ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ತೀರ್ಥಹಳ್ಳಿ ಕಡೆ. ಕೊಟ್ಟಿಗೆಯಲ್ಲಿ ಈಗ ಎರಡೇ ದನ. ಸಗಣಿ ಸಾಲದು ಅಂತ ಹೋದ ವರ್ಷ ಕೊಳೆತ ಹಲಸಿನ ಹಣ್ಣು, ಉಳಿದ ಅನ್ನ ಎಲ್ಲಾ ಬಕೆಟ್‌ಗಟ್ಟಲೆ ಗುಂಡಿಗೆ ಸುರಿದೆ. ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಒಲೆ ಹತ್ತಲಿಲ್ಲ. ಗುಂಡಿ ಹತ್ತಿರ ಹೋದರೆ ಹಳೇ ಮಜ್ಜಿಗೆಯಂಥ ಹುಳಿ ವಾಸನೆ.

ಅನ್ನ, ಹಣ್ಣು ಬೇಗ ಕೊಳೆತು ಹುಳಿಯಾಗುತ್ತವೆ. ಒಲೆಯಲ್ಲಿ ಉರಿಯುವ ಗ್ಯಾಸ್, ಅಂದರೆ ಮೀಥೇನ್, ಮಾಡುವ ಸೂಕ್ಷ್ಮಜೀವಿಗಳು ನಿಧಾನದವು. ಹುಳಿ ಜಾಸ್ತಿಯಾದರೆ ಅವು ಕೆಲಸವನ್ನೇ ನಿಲ್ಲಿಸುತ್ತವೆ. ಕಸ ಹಾಕುವುದನ್ನು ಬಿಟ್ಟು, ಬರೀ ಸಗಣಿ ನೀರು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಬಂದೆ. ಮೂರು ವಾರ ಬೇಕಾಯಿತು ನೀಲಿ ಉರಿ ನೋಡಲು. ಅಷ್ಟು ದಿನ ಮನೆಯಲ್ಲಿ ಏನೇನು ಕೇಳಿಸಿಕೊಂಡೆ ಅಂತ ಬರೆಯುವುದಿಲ್ಲ!

ಈಗ ದಿನಕ್ಕೆ ಒಂದು ಪಾತ್ರೆ ಕಸ ಅಷ್ಟೆ. ಸಣ್ಣಗೆ ಕೊಚ್ಚಿ, ಅಷ್ಟೇ ನೀರು ಬೆರೆಸಿ, ಸಗಣಿ ಜೊತೆ ಕದಡಿ ಹಾಕುತ್ತೇನೆ. ನಿಂಬೆ ಸಿಪ್ಪೆ, ಮೂಳೆ ಬೇಡ. ಅಡಿಕೆ ಸಿಪ್ಪೆಯಂತೂ ಬೇಡವೇ ಬೇಡ, ನಾರು ಕರಗದೆ ಪೈಪಿಗೆ ಕಟ್ಟಿಕೊಳ್ಳುತ್ತದೆ. ಫಿನಾಯಿಲ್ ಹಾಕಿ ತೊಳೆದ ನೀರೂ ಗುಂಡಿಗೆ ಹೋಗಬಾರದು.

ಮಳೆಗಾಲದಲ್ಲಿ ಗ್ಯಾಸ್ ಕಡಿಮೆಯೇ. ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿಗೆ ಸುಮಾರು 35 ಡಿಗ್ರಿ ಶಾಖ ಹಿತ. ಬಚ್ಚಲ ಹಂಡೆಯಲ್ಲಿ ಉಳಿದ ಉಗುರುಬೆಚ್ಚಗಿನ ನೀರಲ್ಲೇ ಸಗಣಿ ಕದಡಿ, ಸ್ವಲ್ಪ ಅನುಕೂಲ. ಉರಿ ಪುಕಪುಕ ಅಂದರೆ ಪೈಪಲ್ಲಿ ನೀರು ನಿಂತಿದೆ ಅಂತ. ತಗ್ಗಿನಲ್ಲಿರುವ ನಲ್ಲಿ ಬಿಚ್ಚಿ ನೀರು ಬಸಿಯಿರಿ, ಆಗ ಹತ್ತಿರ ಬೀಡಿ, ಬೆಂಕಿ ಇರಬಾರದು.