ಲೇತ್ ಉಳಿ ಮನೇಲೇ ಮಾಡ್ಕೊಳ್ತೀರಾ? ಮೊದಲು ಸ್ಟೀಲ್ ಯಾವ್ದು ನೋಡ್ಕೊಳ್ಳಿ

ಮರ ತಿರುಗಿಸಿ ಕಡೆಯೋ ಲೇತ್ ಇಟ್ಕೊಂಡಿರೋರಿಗೆ ಒಂದಲ್ಲ ಒಂದು ದಿನ ಉಳಿ ನಾವೇ ಮಾಡ್ಕೊಂಡ್ರೆ ಹೇಗೆ ಅಂತ ಅನ್ಸೇ ಅನ್ಸುತ್ತೆ. ಮಾಡ್ಕೋಬಹುದು, ಚೆನ್ನಾಗೂ ಬರುತ್ತೆ. ಎಲ್ರೂ ಕೇಳೋದು ಯಾವ ಸ್ಟೀಲು ಜಾಸ್ತಿ ಹೊತ್ತು ಹರಿತ ನಿಲ್ಲುತ್ತೆ ಅಂತ, ಆದ್ರೆ ನಾನು ಮೊದಲು ನೋಡೋದು ಯಾವ್ದು ಮುರಿಯಲ್ಲ ಅಂತ. ಯಾಕಂದ್ರೆ ತಿರುಗ್ತಿರೋ ಮರ ಉಳಿ ತುದಿಯನ್ನ ಕಚ್ಚಿ ಕೆಳಗೆ ಎಳೆದಾಗ ಟೂಲ್ ರೆಸ್ಟ್ (ಉಳಿ ಆನಿಸಿ ಹಿಡಿಯೋ ಪಟ್ಟಿ) ಹತ್ರ ಪೂರ್ತಿ ಏಟು ಬೀಳುತ್ತೆ, ಅಲ್ಲಿ ತುಂಡಾದ್ರೆ ಆ ಚೂರು ನಿಮ್ಮ ಮುಖಕ್ಕೇ ಬರಬಹುದು.

ಹಂಗಾಗಿ ಹಳೇ ಅರದ ವಿಷಯ ಮೊದಲೇ ಹೇಳಿಬಿಡ್ತೀನಿ. ಅರದಲ್ಲಿ ಕಾರ್ಬನ್ ಜಾಸ್ತಿ, ಸುಮಾರು 1.2% ಇರುತ್ತೆ, ಗಟ್ಟಿ ಹೌದು ಆದ್ರೆ ಗಾಜಿನ ಥರ. ಮೇಲಿಂದ ಅದರ ಒಂದೊಂದು ಹಲ್ಲಿನ ಬುಡಾನೂ ಬಿರುಕು ಶುರುವಾಗೋ ಜಾಗ. ನಾನು ಮಾಡ್ಕೊಂಡಿದ್ದ ಮೊದಲ ಸ್ಕ್ರೇಪರ್ ಹಳೇ ಅರದ್ದೇ, ಬಟ್ಟಲಿನ ಒಳಗೆ ಕೆರೀತಿದ್ದಾಗ ಹಿಡಿ ಹತ್ರ ಚಟ್ ಅಂತ ಹೋಯ್ತು, ಮುರಿದ ಜಾಗ ನೋಡಿದ್ರೆ ನುಣ್ಣಗೆ ಬೂದು ಬಣ್ಣ, ಒಂಚೂರೂ ಬಗ್ಗಿರಲಿಲ್ಲ. ಅವತ್ತಿಂದ ಅರದಲ್ಲಿ ಲೇತ್ ಉಳಿ ಮಾಡೋದು ಬಿಟ್ಟೆ, ನೀವೂ ಮಾಡ್ಬೇಡಿ.

ಕೈಯಲ್ಲಿರೋ ತುಂಡು ಏನು ಅಂತ ಗೊತ್ತಿಲ್ದಿದ್ರೆ ಗ್ರೈಂಡರಿಗೆ ಮೆಲ್ಲಗೆ ತಾಗಿಸಿ ಕಿಡಿ ನೋಡಿ. ಮೈಲ್ಡ್ ಸ್ಟೀಲ್ (ಕಾರ್ಬನ್ ಕಮ್ಮಿ ಇರೋ ಮೆತ್ತನೆ ಸ್ಟೀಲು) ಆದ್ರೆ ಉದ್ದುದ್ದ ಗೆರೆ, ಕವಲು ಕಮ್ಮಿ. ಹೈ ಕಾರ್ಬನ್ ಆದ್ರೆ ಸುರುಸುರು ಬತ್ತಿ ಥರ ಬೆಳ್ಳಗೆ ಚಿಮ್ಮಿ ಒಡೆಯುತ್ತೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್, ಕಾದ್ರೂ ಗಟ್ಟಿತನ ಬಿಡದ ಸ್ಟೀಲು) ಆದ್ರೆ ಮಂಕು ಕೆಂಪು ಗೆರೆ, ಒಡೆಯೋದೇ ಇಲ್ಲ ಅನ್ನೋಷ್ಟು ಕಮ್ಮಿ. ಪಕ್ಕದಲ್ಲಿ ಗೊತ್ತಿರೋ ತುಂಡು ಒಂದಿಟ್ಕೊಂಡು ಹೋಲಿಸಿದ್ರೆ ಮಾತ್ರ ಇದು ನಂಬೋ ಹಾಗಿರುತ್ತೆ.

ಎಚ್‌ಎಸ್‌ಎಸ್‌ನಲ್ಲಿ ಸಾಮಾನ್ಯವಾಗಿ ಸಿಗೋದು ಎಂ2. ಟಂಗ್‌ಸ್ಟನ್ ಸುಮಾರು 6%, ಮಾಲಿಬ್ಡಿನಮ್ 5% ಇರೋದ್ರಿಂದ 500 ಡಿಗ್ರಿ ಸೆಲ್ಸಿಯಸ್ ದಾಟಿದ್ರೂ ಗಟ್ಟಿತನ ಬಿಡಲ್ಲ, ಅಂದ್ರೆ ಸಾಣೆ ಹಿಡಿಯೋವಾಗ ಅಂಚು ನೀಲಿ ಆದ್ರೂ ಹಾಳಾಗಿಲ್ಲ. ಆದ್ರೆ ಇದನ್ನ ಹಾರ್ಡನ್ ಮಾಡೋಕೆ, ಅಂದ್ರೆ ಕಾಯಿಸಿ ಗಟ್ಟಿ ಮಾಡೋಕೆ, 1200 ಡಿಗ್ರಿ ಹತ್ರ ಬೇಕು, ಮನೇಲಿ ಆಗೋ ಕೆಲಸ ಅಲ್ಲ, ಅದಕ್ಕೇ ಮೆಟಲ್ ಲೇತಿಗೆ ಹಾಕೋ ರೆಡಿ ಟೂಲ್ ಬಿಟ್ ತಗೊಂಡು ಬರೀ ಗ್ರೈಂಡ್ ಮಾಡ್ಕೊಳ್ಳಿ. ಕಾದಿರೋದನ್ನ ನೀರಿಗೆ ಮಾತ್ರ ಅದ್ದಬೇಡಿ, ಕಣ್ಣಿಗೆ ಕಾಣದ ಬಿರುಕು ಬರುತ್ತೆ.

ನನಗೆ ಇಷ್ಟವಾದ ದಾರಿ ಅಂದ್ರೆ ತುದಿಗೆ ಒಂದು ಸ್ಟೀಲು, ಮೈಗೆ ಇನ್ನೊಂದು. 12 ಎಂಎಂ ಮೈಲ್ಡ್ ಸ್ಟೀಲ್ ರಾಡ್ ತಗೊಂಡು ತುದೀಲಿ ತೂತು ಕೊರೆದು 5 ಅಥವಾ 6 ಎಂಎಂ ಎಚ್‌ಎಸ್‌ಎಸ್ ಬಿಟ್ ತೂರಿಸಿ, ಪಕ್ಕದಿಂದ ಗ್ರಬ್ ಸ್ಕ್ರೂ (ತಲೆ ಇಲ್ಲದ ಚಿಕ್ಕ ಸ್ಕ್ರೂ) ಹಾಕಿ ಬಿಗಿ ಮಾಡಿ, ಬಿಟ್ ಒಂದು ಸೆಂಟಿಮೀಟರ್ ಹೊರಗಿದ್ರೆ ಸಾಕು. ಮರ ಕಚ್ಚಿದ್ರೆ ಮೈಲ್ಡ್ ಸ್ಟೀಲ್ ಬಗ್ಗುತ್ತೆ, ಚೂರಾಗಿ ಸಿಡಿಯಲ್ಲ, ನಮಗೆ ಬೇಕಾಗಿರೋದೇ ಅದು.

ಇಡೀ ಉಳಿ ಒಂದೇ ಸ್ಟೀಲಲ್ಲಿ ಬೇಕು, ಆಕಾರ ನಾವೇ ಕೊಡ್ಬೇಕು ಅನ್ನೋರು ಓ1 (ಎಣ್ಣೇಲಿ ಅದ್ದಿ ಗಟ್ಟಿ ಮಾಡೋ ಟೂಲ್ ಸ್ಟೀಲ್) ತಗೊಳ್ಳಿ. ಮೆತ್ತಗೇ ಬರುತ್ತೆ, ಅರದಲ್ಲಿ ಉಜ್ಜಿ ಆಕಾರ ತರಬಹುದು. ಆಮೇಲೆ ಮುಂದಿನ 4-5 ಸೆಂಟಿಮೀಟರ್ ಮಾತ್ರ ಕೆಂಪಗೆ ಕಾಯಿಸಿ, ಮಧ್ಯೆ ಮಧ್ಯೆ ಅಯಸ್ಕಾಂತ ತಾಗಿಸಿ ನೋಡ್ತಾ ಇರಿ, ಸುಮಾರು 770 ಡಿಗ್ರಿಗೆ ಅದು ಅಂಟೋದು ನಿಂತೋಗುತ್ತೆ, ಇನ್ನೊಂಚೂರು ಕಾಯಿಸಿ 800ರ ಹತ್ರ ಬಂದ ತಕ್ಷಣ ಉಗುರುಬೆಚ್ಚಗಿರೋ ಅಡುಗೆ ಎಣ್ಣೆಗೆ ನೆಟ್ಟಗೆ ಇಳಿಸಿ. ಎಣ್ಣೆಗೆ ಬೆಂಕಿ ಹತ್ಕೋಬಹುದು, ಅದಕ್ಕೇ ಎಣ್ಣೆ ಕಬ್ಬಿಣದ ಡಬ್ಬೀಲಿ ಇರ್ಲಿ, ಮುಚ್ಚಳ ಪಕ್ಕದಲ್ಲೇ ಇರ್ಲಿ. ಈಗ ಅರ ಹಾಕಿದ್ರೆ ಜಾರ್ಬೇಕು, ಜಾರಿದ್ರೆ ಹಾರ್ಡನ್ ಆಗಿದೆ ಅಂತ ಅರ್ಥ, ಆದ್ರೆ ಈ ಸ್ಥಿತೀಲಿ ಅದು ಅರದಷ್ಟೇ ಪೆಡಸು, ಕೈ ತಪ್ಪಿ ಕೆಳಗೆ ಬಿದ್ರೂ ಮುರಿಯಬಹುದು. ತಡ ಮಾಡ್ದೆ ಓವನ್‌ನಲ್ಲಿ 200 ಡಿಗ್ರಿಗೆ ಒಂದು ಗಂಟೆ, ತಣ್ಣಗಾದ್ಮೇಲೆ ಇನ್ನೊಂದು ಗಂಟೆ ಇಟ್ಟು ಟೆಂಪರ್ ಮಾಡಿ, ಅಂದ್ರೆ ಆ ಪೆಡಸುತನ ಕಮ್ಮಿ ಮಾಡಿ. ಹಿಡಿಯೊಳಗೆ ಹೋಗೋ ಭಾಗ ಮೆತ್ತಗೇ ಇರ್ಲಿ.

ಓ1 ಉಳೀನ ಗ್ರೈಂಡರಲ್ಲಿ ಹರಿತ ಮಾಡೋವಾಗ ಆತುರ ಬೇಡ. ಅಂಚಲ್ಲಿ ಮೊದಲು ತಿಳಿ ಹಳದಿ, ಆಮೇಲೆ ಕಂದು, ನೇರಳೆ, ನೀಲಿ ಬರುತ್ತೆ. ನೀಲಿ ಬಂತು ಅಂದ್ರೆ ಅಲ್ಲಿ ಹದ ಹೋಯ್ತು, ಅಷ್ಟನ್ನ ಸವೆಸಿ ತೆಗೀಲೇಬೇಕು. ಇದನ್ನ ಪದೇ ಪದೇ ನೀರಿಗೆ ಅದ್ಕೊಂಡೇ ಕೆಲಸ ಮಾಡಿ, ಎಚ್‌ಎಸ್‌ಎಸ್‌ಗೆ ಹೇಳಿದ್ದು ಇದಕ್ಕೆ ಅನ್ವಯಿಸಲ್ಲ.

ಗಾಡಿ ಸ್ಪ್ರಿಂಗ್ ಪಟ್ಟಿ ಸುಲಭಕ್ಕೆ ಮುರಿಯಲ್ಲ, ಉಳಿಯ ಮೈಗೆ ಒಳ್ಳೇದು, ಹರಿತ ಮಾತ್ರ ಬೇಗ ಹೋಗುತ್ತೆ, ಓಡಿ ಓಡಿ ಒಳಗೆ ಬಿರುಕು ಬಿಟ್ಟಿರಬಹುದು ಅನ್ನೋದೂ ನೆನಪಿರ್ಲಿ. ಕ್ರೋಮ್ ಅಥವಾ ಸತು ಲೇಪ ಇರೋ ರಾಡ್ ಕಾಯಿಸಲೇಬೇಡಿ, ಹೊಗೆ ವಿಷ.

ಹೊಸ ಉಳಿನ ಮೊದಲು ಮೆತ್ತನೆ ಮರದ ಮೇಲೆ, ಕಮ್ಮಿ ಸ್ಪೀಡಲ್ಲಿ ನೋಡಿ. ಟೂಲ್ ರೆಸ್ಟ್ ಮರಕ್ಕೆ ಹತ್ರ ಇರ್ಲಿ, ಮುಖಕ್ಕೆ ಶೀಲ್ಡ್ ಇರ್ಲಿ, ಹತ್ತು ನಿಮಿಷ ಆದ್ಮೇಲೆ ಲೇತ್ ನಿಲ್ಸಿ ಗ್ರಬ್ ಸ್ಕ್ರೂ ಸಡಿಲ ಆಗಿದ್ಯಾ ಅಂತ ಇನ್ನೊಂದ್ಸಲ ತಿರುಗಿಸಿ ನೋಡಿ.